ತಿರುಗುಮುರುಗು ಮೇಸ್ತ್ರಿಯ ಮುಂಬಾಗಿಲು

ಬೆಳಿಗ್ಗೆ ಹತ್ತೂಕಾಲಿಗೆ ಹಳೇ ಕೋರ್ಟಿನ ಇತಿಹಾಸ ತೀರ್ಮಾನವಾಗಿ ಹೋಗಿತ್ತು. ಸಭೆ ಕರೆದಿದ್ದದ್ದು ಹತ್ತೂವರೆಗೆ. ಮೂವರ ಸಮಿತಿಯಲ್ಲಿ ಮೂರನೆಯವಳಾದ ವರದಿಗಾರ್ತಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದಾಗ, ಉಳಿದಿಬ್ಬರು ಚಹಾ ಕುಡಿದು ಮುಗಿಸಿ ಲೋಟಗಳನ್ನು ಮೇಜಿನ ಅಂಚಿಗೆ ಸರಿಸಿದ್ದರು.

“ಬನ್ನಿ ಮೇಡಂ, ಬನ್ನಿ. ನಿಮ್ಮ ಕೆಲಸ ನಾವೇ ಹಗುರ ಮಾಡಿಬಿಟ್ವಿ,” ಎಂದರು ವಕೀಲರ ಸಂಘದ ಅಧ್ಯಕ್ಷರು. ದೊಡ್ಡ ದನಿಯ ಮನುಷ್ಯ. ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಮಾತಾಡಿದರೂ ಕಾರಿಡಾರಿನ ಕೊನೆಯ ಬೆಂಚಿನಲ್ಲಿದ್ದ ಕಕ್ಷಿದಾರ ಎದ್ದು ನಿಲ್ಲುತ್ತಿದ್ದ.

ಕೋರ್ಟು ಕಟ್ಟಿ ನೂರೈವತ್ತು ವರ್ಷವಾಗಿತ್ತು. ಆ ನೆನಪಿಗೆ ಗೋಡೆಗೊಂದು ಕಲ್ಲು ಹಾಕಬೇಕು, ಅದರ ಮೇಲೆ ಕಟ್ಟಡದ ಇತಿಹಾಸವನ್ನು ನಾಲ್ಕು ಸಾಲಿನಲ್ಲಿ ಕೆತ್ತಿಸಬೇಕು ಎಂದು ಸಮಿತಿ ಮಾಡಿದ್ದರು. ಅಧ್ಯಕ್ಷರು ಬರೆದಿಟ್ಟಿದ್ದನ್ನು ವರದಿಗಾರ್ತಿ ನಿಂತೇ ಓದಿದಳು.

“ನೂರೈವತ್ತು ವರ್ಷಗಳ ಹಿಂದೆ ಕಟ್ಟಿದ ಈ ನ್ಯಾಯಾಲಯವು ಮೇಸ್ತ್ರಿಯ ಕೈತಪ್ಪಿನಿಂದ ಹಿಂದುಮುಂದಾಗಿ ನಿಂತಿದೆ. ಆದರೆ ಇಲ್ಲಿ ನ್ಯಾಯ ಎಂದೂ ದಿಕ್ಕು ತಪ್ಪಲಿಲ್ಲ.”

“ಎರಡನೇ ಸಾಲು ನೋಡಿದ್ರಾ?” ಎಂದರು ಅಧ್ಯಕ್ಷರು. “ರಾತ್ರಿ ಊಟಕ್ಕೆ ಕೂತಾಗ ಹೊಳೀತು. ಅರ್ಧಕ್ಕೇ ಎದ್ದು ಬರೆದಿಟ್ಟೆ.”

“ಮೊದಲನೇ ಸಾಲು ಯಾರು ಹೇಳಿದ್ದು?”

“ಯಾರು ಹೇಳಿದ್ದು ಅಂದ್ರೆ? ಎಲ್ಲರಿಗೂ ಗೊತ್ತಲ್ರೀ.”

“ದಿನಾ ಕೋರ್ಟಲ್ಲಿ ನಿಂತು ಎದುರು ಪಾರ್ಟಿ ಸಾಕ್ಷಿನ ಜಾಲಾಡ್ತೀರಿ. ‘ಎಲ್ಲರಿಗೂ ಗೊತ್ತು’ ಅಂದ್ರೆ ಜಡ್ಜ್ ಒಪ್ತಾರಾ?”

“ಅದು ಕೇಸು ಮೇಡಂ. ಇದು ಇತಿಹಾಸ.”

ವರದಿಗಾರ್ತಿ ಕುರ್ಚಿ ಎಳೆದುಕೊಂಡು ಕೂತಳು. ನಿಂತಿದ್ದರೆ ಇನ್ನೇನಾದರೂ ಅಂದುಬಿಡುತ್ತೇನೆಂಬ ಭಯವಿತ್ತು.

ಕಟ್ಟಡ ಹಿಂದುಮುಂದಾಗಿ ಕಾಣುವುದಂತೂ ನಿಜ. ಸ್ಟೇಷನ್ ರಸ್ತೆಯಿಂದ ಬಂದವರಿಗೆ ಎದುರಾಗುವುದು ಅಡುಗೆಮನೆಯ ಹಿತ್ತಿಲಿಗೆ ಇಡುವಂಥ ಒಂದು ಚಿಕ್ಕ ಬಾಗಿಲು. ತಲೆ ತಗ್ಗಿಸಿ ಒಳಗೆ ಬರಬೇಕು. ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲು, ಎರಡಾಳೆತ್ತರದ ಜೋಡಿ ಬಾಗಿಲು ಎಲ್ಲವೂ ಇರುವುದು ಹಿಂದಿನ ಗಲ್ಲಿಯ ಕಡೆಗೆ. ಎದುರಿಗೆ ಜೆರಾಕ್ಸ್ ಅಂಗಡಿ, ಪಂಕ್ಚರ್ ಅಂಗಡಿ, ಮುರಿದ ಕುರ್ಚಿಗಳ ರಾಶಿ. ಕಾವಲುಗಾರ ಪ್ರತಿದಿನ ಬೆಳಿಗ್ಗೆ ಆ ಮೆಟ್ಟಿಲು ಗುಡಿಸಿ ಜೋಡಿ ಬಾಗಿಲು ತೆಗೆಯುತ್ತಿದ್ದ. ತೆಗೆಯಬೇಕೆಂದು ನಿಯಮವಿತ್ತು. ಆದರೆ ಅದರಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಆ ಬಾಗಿಲಿನಿಂದ ಹೋದವರ ಕೇಸು ಬಿದ್ದುಹೋಗುತ್ತದೆ ಎಂಬ ನಂಬಿಕೆ ವಕೀಲರಿಂದ ಕಕ್ಷಿದಾರರಿಗೆ, ಕಕ್ಷಿದಾರರಿಂದ ಅವರ ಮಕ್ಕಳಿಗೆ ಬಂದಿತ್ತು. ಅಂಥ ತಪ್ಪು ಬಾಗಿಲಿಟ್ಟ ಮೇಸ್ತ್ರಿಗೆ ಊರಿಟ್ಟ ಹೆಸರು ತಿರುಗುಮುರುಗು ಮೇಸ್ತ್ರಿ.

ಆ ಮೇಸ್ತ್ರಿ ವರದಿಗಾರ್ತಿಯ ಮುತ್ತಜ್ಜ.

ಇದನ್ನು ಅವಳು ಮುಚ್ಚಿಟ್ಟಿರಲಿಲ್ಲ. ಮೊದಲ ಸಭೆಯಲ್ಲೇ ಹೇಳಿ, ಬೇಕಾದರೆ ತನ್ನನ್ನು ಸಮಿತಿಯಿಂದ ಬಿಡಿ ಎಂದಿದ್ದಳು. ಅಧ್ಯಕ್ಷರು ಮೇಜು ತಟ್ಟಿ ನಕ್ಕು, “ತಿರುಗುಮುರುಗು ಮೊಮ್ಮಗಳೇ ಇತಿಹಾಸ ಬರೆದ್ರೆ ಅದಕ್ಕಿಂತ ಮಜಾ ಏನಿದೆ!” ಎಂದಿದ್ದರು. ಆ ಮಜಾ ಈಗ ಗೋಡೆಗೇರಲು ಹೊರಟಿತ್ತು. ಬಾಯಿಮಾತಾದರೆ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಕಲ್ಲಿನಲ್ಲಿ ಕೆತ್ತಿದ್ದು ಹೋಗುವುದಿಲ್ಲ. ಮುಂದಿನ ನೂರೈವತ್ತು ವರ್ಷ ಬಂದುಹೋಗುವವರೆಲ್ಲ ಅದನ್ನೇ ಓದುತ್ತಾರೆ, ಓದಿ ನಗುತ್ತಾರೆ.

“ಇದಕ್ಕೆ ಆಧಾರ ಇಲ್ಲ. ನಾನು ಸಹಿ ಹಾಕಲ್ಲ,” ಎಂದಳು.

“ಹಾಗಾದ್ರೆ ಮೇಸ್ತ್ರಿ ತಪ್ಪು ಮಾಡ್ಲಿಲ್ಲ ಅನ್ನೋಕೆ ಆಧಾರ ಇದೆಯಾ?” ಸಮಿತಿಯ ಎರಡನೆಯವರಾದ ಕೋರ್ಟಿನ ರಿಜಿಸ್ಟ್ರಾರ್ ಕೇಳಿದರು. ಒಣಕಲು ಮೈ, ಒಣಕಲು ಮಾತು. ಕಂಕುಳಲ್ಲಿ ಸದಾ ಒಂದು ರಟ್ಟಿನ ಫೈಲು. ಅದನ್ನು ಬಿಟ್ಟು ಅವರನ್ನು ನೋಡಿದವರಿಲ್ಲ.

ಅವಳ ಹತ್ತಿರ ಇರಲಿಲ್ಲ. ಕಟ್ಟಡದ ನಕ್ಷೆ ಬಹಳ ಹಿಂದೆಯೇ ಚಾವಣಿ ಸೋರಿ ಕೊಳೆತುಹೋಗಿತ್ತು.

“ಇಲ್ಲ,” ಎಂದಳು.

“ಕಲ್ಲು ಕೆತ್ತೋನು ಬಂದು ವರಾಂಡದಲ್ಲಿ ಕೂತಿದಾನೆ. ಇವತ್ತು ಗೆರೆ ಎಳೀತಾನೆ. ನಾಳೆ ಹನ್ನೊಂದಕ್ಕೆ ಉಳಿ ಹಿಡೀತಾನೆ. ಅಷ್ಟರೊಳಗೆ ತಂದ್ರೆ ನೋಡೋಣ. ತರಲಿಲ್ಲ ಅಂದ್ರೆ ಇದೇ.” ರಿಜಿಸ್ಟ್ರಾರ್ ಫೈಲು ಮುಚ್ಚಿದರು.

ಅಂದು ಮಧ್ಯಾಹ್ನವಿಡೀ ಅವಳು ಆ ಕಟ್ಟಡದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು. ಎಲ್ಲರಿಗೂ ಗೊತ್ತಿತ್ತು, ಆದರೆ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. ತೆಳು ಕಾಗದದ ನಕ್ಷೆಯನ್ನು ಮೇಸ್ತ್ರಿ ಮಗುಚಿ ಹಿಡಿದುಕೊಂಡಿದ್ದ ಎಂದಳು ಟೈಪಿಸ್ಟ್. ನಕ್ಷೆ ಸರಿಯಾಗಿಯೇ ಹಿಡಿದಿದ್ದ, ಕುಡಿದಿದ್ದ ಎಂದ ಕ್ಯಾಂಟೀನಿನವನು. ಎಪ್ಪತ್ತು ದಾಟಿದ ಒಬ್ಬ ವಕೀಲರು ಕಣ್ಣು ಮುಚ್ಚಿ, ಆಗಿನ ಜಡ್ಜಿಗೂ ಮೇಸ್ತ್ರಿಗೂ ಹಗೆಯಿತ್ತೆಂದೂ, ಜಡ್ಜಿನ ಮೇಲಿನ ಸಿಟ್ಟಿಗೆ ಬೇಕೆಂದೇ ಬೆನ್ನು ತಿರುಗಿಸಿ ಕಟ್ಟಿದನೆಂದೂ ಕಣ್ಣಾರೆ ಕಂಡವರಂತೆ ಹೇಳಿದರು. ಯಾರು ಹೇಳಿದ್ದು ಎಂದರೆ, “ನಮ್ಮ ಸೀನಿಯರ್.” ಅವರಿಗೆ ಯಾರು ಹೇಳಿದ್ದು ಎಂದರೆ, “ಅವರ ಸೀನಿಯರ್ ಇರ್ಬೇಕು. ಇಷ್ಟೆಲ್ಲ ಕೇಳೋಕೆ ನೀವೇನು ಪೊಲೀಸಾ?”

ಅವಳಿಗೆ ಮೊದಲು ಕೆಲಸ ಕಲಿಸಿದ ಸಂಪಾದಕರು ಒಂದು ಮಾತು ಹೇಳುತ್ತಿದ್ದರು: ಒಬ್ಬ ಹೇಳಿದರೆ ಅದು ಮಾತು, ಇಬ್ಬರು ಹೇಳಿದರೆ ಸುದ್ದಿ, ಅದೂ ಆ ಇಬ್ಬರು ಒಬ್ಬನಿಂದಲೇ ಕೇಳಿರದಿದ್ದರೆ. ಆ ಲೆಕ್ಕದಲ್ಲಿ ಇಡೀ ಕೋರ್ಟು ಸೇರಿ ಅವಳಿಗೆ ಒಂದು ಮಾತನ್ನೂ ಪೂರ್ತಿಯಾಗಿ ಕೊಟ್ಟಿರಲಿಲ್ಲ. ಕಟ್ಟಡವನ್ನು ಚೆನ್ನಾಗಿ ಬಲ್ಲವರು ಈ ಊರಲ್ಲಿ ಯಾರೂ ಇಲ್ಲ, ಚೆನ್ನಾಗಿ ಬೈಯಬಲ್ಲವರು ಬೇಕಾದಷ್ಟಿದ್ದಾರೆ ಎಂದುಕೊಂಡು ಮನೆಗೆ ಹೊರಟಳು.

ಮನೆಯಲ್ಲಿ ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ತಂದೆಯ ಅಕ್ಕ. ಎಂಬತ್ತೈದು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ, ನಾಲಿಗೆ ಯಾರ ಮಾತೂ ಕೇಳುವುದಿಲ್ಲ. ಮೇಸ್ತ್ರಿ ಅವರ ಅಜ್ಜ.

“ಏನಾಯ್ತೇ?”

ವರದಿಗಾರ್ತಿ ಚಪ್ಪಲಿ ಬಿಡುತ್ತಲೇ ಹೇಳಿದಳು. ಅತ್ತೆ ಕಲ್ಲಿನ ಮೇಲಿನ ಸಾಲುಗಳನ್ನು ಎರಡು ಸಲ ಹೇಳಿಸಿಕೊಂಡರು.

“ಕೈತಪ್ಪು,” ಎಂದರು ಕೊನೆಗೆ. “ಕುಡುಕ ಅಂದ್ರು, ಪೆದ್ದ ಅಂದ್ರು, ಈಗ ಕೈತಪ್ಪು. ಪರವಾಗಿಲ್ಲ, ಮರ್ಯಾದೆ ಕೊಡೋಕೆ ಕಲ್ತಿದಾರೆ.”

“ಅತ್ತೆ…”

“ಶಾಲೆಗೆ ಹೋಗ್ವಾಗ ನನ್ನ ಮುಂದೆ ಹುಡುಗ್ರು ಬೆನ್ನು ಮುಂದೆ ಮಾಡ್ಕೊಂಡು ಹಿಂದಿಂದಕ್ಕೆ ನಡೀತಿದ್ರು ಕಣೇ. ಮೇಸ್ತ್ರಿ ಮೊಮ್ಮಗಳಿಗೆ ದಾರಿ ಬಿಡಿ ಅಂತ. ನೋಡೋಕೆ ಬಂದ ಗಂಡಿನ ಕಡೆಯೋನೊಬ್ಬ ಏನಂದ ಗೊತ್ತಾ? ಈ ಮನೆ ಹುಡುಗಿ ಒಲೆ ಯಾವ ಕಡೆ ಹಚ್ತಾಳೋ ಅಂದ. ಎಲ್ಲರೂ ನಕ್ಕರು. ನಾನು ತಟ್ಟೆ ತಗೊಂಡು ಒಳಗೆ ಹೋದೋಳು ಆಚೆ ಬರಲೇ ಇಲ್ಲ.”

ಆಮೇಲೆ ಅತ್ತೆ ಮದುವೆಯ ಮಾತೆತ್ತಲು ಯಾರನ್ನೂ ಬಿಡಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ತಮ್ಮನನ್ನು ಓದಿಸಿದರು, ತಮ್ಮನ ಮಗಳನ್ನೂ ಓದಿಸಿದರು. ಕೋರ್ಟಿನ ಎದುರಿನ ಅಂಗಡಿಯಲ್ಲಿ ಒಳ್ಳೆಯ ನೂಲು ಸಿಗುತ್ತದೆಂದು ಗೊತ್ತಿದ್ದರೂ ಅರ್ಧ ಊರು ಸುತ್ತಿ ಬೇರೆ ಕಡೆ ತರುತ್ತಿದ್ದರು. ಆ ಕಟ್ಟಡದ ಕಡೆ ತಲೆಯೆತ್ತಿ ನೋಡಿದವರಲ್ಲ.

“ನಮ್ಮಪ್ಪ ಸಾಯೋವರೆಗೂ ಹೇಳ್ತಿದ್ದ. ನಿಮ್ಮಜ್ಜ ರಸ್ತೆಗೆ ಮುಖ ಮಾಡೇ ಕಟ್ಟಿದ್ದು. ರಸ್ತೆ ಎದ್ದು ಹೋದ್ರೆ ಅವನೇನು ಮಾಡ್ತಾನೆ ಅಂತ. ಸ್ಟೇಷನ್ ಬಂತು, ಊರೆಲ್ಲ ಆ ಕಡೆ ತಿರುಗ್ತು, ಹಳೇ ರಸ್ತೆ ಗಲ್ಲಿ ಆಯ್ತು. ಅದನ್ನ ಬರಿ.”

“ಅವರು ಹೇಳಿದ್ರು ಅಂತ ನೀವು ಹೇಳ್ತೀರಿ. ನೀವು ಹೇಳಿದ್ರಿ ಅಂತ ನಾನು ಬರೆದ್ರೆ, ನನಗೂ ಆ ಅಧ್ಯಕ್ಷರಿಗೂ ಏನು ವ್ಯತ್ಯಾಸ?”

“ನಿಮ್ಮಪ್ಪನ ಅಪ್ಪ ಸುಳ್ಳು ಹೇಳ್ದ ಅಂತೀಯಾ?”

“ಸುಳ್ಳು ಅಂದಿಲ್ಲ. ಆಧಾರ ಇಲ್ಲ ಅಂದೆ. ಆಗಿನ ಕಾಲದೋರು ಒಬ್ಬರಾದ್ರೂ ಇದ್ದಿದ್ರೆ…”

“ಎಲ್ಲಿರ್ತಾರೆ? ಕಂಡೋರು ಸತ್ರು, ಸ್ಟೇಷನ್ ಜೊತೆ ಬಂದೋರು ನಗೋಕೆ ಶುರು ಮಾಡಿದ್ರು.” ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. “ಕೊಲೆ ಮಾಡ್ದೋನ ಪರವಾಗಿ ವಕೀಲ ಸಿಗ್ತಾನೆ. ನಮ್ಮಜ್ಜನ ಪರವಾಗಿ ಸ್ವಂತ ಮರಿಮೊಮ್ಮಗಳು ಸಿಗ್ತಿಲ್ಲ. ಒಳ್ಳೆ ಸಾಕಣೆ ನನ್ನದು!”

ಈ ಜಗಳ ಅವರ ಮನೆಯಲ್ಲಿ ಹೊಸದೇನಲ್ಲ. ಪತ್ರಿಕೆಗೆ ಸೇರಿದ ವರ್ಷವೇ ಅತ್ತೆ ಇದನ್ನು ಬರೆಯೆಂದಿದ್ದರು, ಅವಳು ಆಗಲೂ ಆಧಾರ ಕೇಳಿದ್ದಳು. ರಾತ್ರಿ ಊಟ ಮುಗಿಸಿ ಕೈ ತೊಳೆಯುವಾಗ ಅತ್ತೆ, “ನಾಳೆ ನಾನೂ ಬರ್ತೀನಿ,” ಎಂದರು.

“ಎಲ್ಲಿಗೆ?”

“ಕೋರ್ಟಿಗೆ. ನನ್ನ ಮುಂದೆ ಕೆತ್ತಲಿ. ಕಣ್ಣಲ್ಲಿ ಕಣ್ಣಿಟ್ಟು ಕೆತ್ತಲಿ.”

ಮರುದಿನ ಬಾಡಿಗೆ ಕಾರು ಸ್ಟೇಷನ್ ರಸ್ತೆಯಲ್ಲಿ ನಿಂತಾಗ ಅತ್ತೆ ಇಳಿಯಲಿಲ್ಲ. ಚಿಕ್ಕ ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿ, “ಇದರಲ್ಲಿ ನಾನು ಹೋಗಲ್ಲ. ನಮ್ಮಜ್ಜ ಇಟ್ಟ ಬಾಗಿಲು ಇದಲ್ಲ,” ಎಂದರು.

“ಅತ್ತೆ, ಆ ಕಡೆ ಮೆಟ್ಟಿಲು ಹತ್ತಬೇಕು. ನಿಮ್ಮ ಮೊಣಕಾಲು…”

“ನನ್ನ ಮೊಣಕಾಲಿಗೂ ಆಧಾರ ಕೇಳಬೇಡ. ನಡಿ.”

ಗಲ್ಲಿಯೊಳಗೆ ಕಾರು ಹೋಗುವಂತಿರಲಿಲ್ಲ. ಮೂಲೆಯಿಂದ ಅತ್ತೆಯನ್ನು ನಡೆಸಿಕೊಂಡು ಬರುವಷ್ಟರಲ್ಲಿ ಹತ್ತೂವರೆಯಾಯಿತು. ಪಂಕ್ಚರ್ ಅಂಗಡಿಯವನು ಚಕ್ರ ಕೆಳಗಿಟ್ಟು ನೋಡತೊಡಗಿದ. ಜೆರಾಕ್ಸ್ ಅಂಗಡಿಯ ಮುಂದೆ ಸಾಲಾಗಿ ನಿಂತಿದ್ದ ಕರಿ ಕೋಟಿನ ಕಿರಿಯ ವಕೀಲರಲ್ಲಿ ಒಬ್ಬ, ಅತ್ತೆ ಮೊದಲ ಮೆಟ್ಟಿಲಿಗೆ ಕೋಲು ಊರಿದ್ದೇ ತಡ, ಓಡಿಬಂದ.

“ಅಜ್ಜೀ, ಅಲ್ಲಿಂದ ಬೇಡ! ಕೇಸು ಬಿದ್ದುಹೋಗತ್ತೆ!”

“ನನ್ನ ಕೇಸು ನಾನು ಹುಟ್ಟೋ ಮುಂಚೆನೇ ಬಿದ್ದಿದೆಯಪ್ಪ. ಇನ್ನೆಷ್ಟು ಆಳಕ್ಕೆ ಬೀಳತ್ತೆ?”

ಅವನು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟ. ಅತ್ತೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ವರದಿಗಾರ್ತಿಯ ತೋಳು ಹಿಡಿದು, ಪ್ರತಿ ಮೆಟ್ಟಿಲಿಗೂ ಉಸಿರು ಬಿಡುತ್ತ ನಡುಮಧ್ಯದಲ್ಲಿ ಏರಿದರು. ಅರ್ಧ ಹತ್ತಿರಬಹುದು. ಕೋಲಿನ ತುದಿ ಸರ್ರನೆ ಜಾರಿತು. ಅತ್ತೆ ಪೂರಾ ಭಾರ ಬಿಟ್ಟು ವರದಿಗಾರ್ತಿಯ ಮೇಲೆ ವಾಲಿದರು. ಇಬ್ಬರೂ ಹೇಗೋ ಅಲ್ಲೇ ಕುಸಿದು ಕೂತರು.

“ಪೆಟ್ಟಾಯ್ತಾ ಅತ್ತೆ?”

“ಪೆಟ್ಟಲ್ಲ, ಇದೇನಿದು?” ಅತ್ತೆ ಅಂಗೈಯಿಂದ ಮೆಟ್ಟಿಲನ್ನು ಸವರುತ್ತಿದ್ದರು. ದನಿ ಇಳಿದಿತ್ತು. “ಮಟ್ಟವೇ ಇಲ್ಲ. ತಟ್ಟೆ ಥರ ತಗ್ಗಾಗಿದೆ. ಇಂಥ ಕಲ್ಲು ಇಟ್ಟನಾ ನಮ್ಮಜ್ಜ? ನಗೋರು ಸುಮ್ಮನೆ ನಗಲಿಲ್ಲ ಹಾಗಾದ್ರೆ.”

ಎಂಬತ್ತು ವರ್ಷ ಜಗಳವಾಡಿಕೊಂಡು ಬಂದ ಹೆಂಗಸು, ಮೊದಲ ಸಲ ಮೆಟ್ಟಿಲು ಮುಟ್ಟಿ ನೋಡಿ ಸೋತುಬಿಟ್ಟಿದ್ದರು. ವರದಿಗಾರ್ತಿಗೆ ಅಧ್ಯಕ್ಷರ ಮೇಲೆ, ಕ್ಯಾಂಟೀನಿನವನ ಮೇಲೆ, ಕೊಳೆತುಹೋದ ನಕ್ಷೆಯ ಮೇಲೆ, ತನ್ನ ಮೇಲೆ, ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಅತ್ತೆಗೆ ಕೊಡಲೆಂದು ಚೀಲದಿಂದ ನೀರಿನ ಬಾಟಲಿ ತೆಗೆದಳು. ಅವಸರದಲ್ಲಿ ಅರ್ಧ ನೀರು ಕಲ್ಲಿನ ಮೇಲೆ ಚೆಲ್ಲಿತು.

ನೀರು ಹರಿದುಹೋಗಲಿಲ್ಲ. ಮೆಟ್ಟಿಲ ನಡುವೆ ಸಣ್ಣ ಕೆರೆಯಾಗಿ ನಿಂತಿತು.

ಅವಳು ಅದನ್ನೇ ನೋಡಿದಳು. ಆಮೇಲೆ ಮೇಲಿನ ಮೆಟ್ಟಿಲಿಗೆ ಉಳಿದ ನೀರು ಸುರಿದಳು. ಅಲ್ಲೂ ನಡುವೆಯೇ ನಿಂತಿತು. ಮಂಡಿಯೂರಿ ಅಂಚಿನವರೆಗೆ ಕೈಯಾಡಿಸಿದಳು. ಎರಡು ಪಕ್ಕದಲ್ಲಿ ಗೋಡೆಯ ಹತ್ತಿರ ಕಲ್ಲು ಇಂದು ನಿನ್ನೆ ಕೆತ್ತಿದಷ್ಟು ಒರಟಾಗಿತ್ತು, ಉಳಿಯ ಗೀರು ಬೆರಳಿಗೆ ಸಿಗುತ್ತಿತ್ತು, ಅಂಚು ಚೂಪಾಗಿತ್ತು. ನಡುವಿಗೆ ಬಂದಂತೆ ಗೀರು ಮಾಯವಾಗಿ ಕಲ್ಲು ನುಣುಪಾಗುತ್ತ, ತಗ್ಗುತ್ತ ಹೋಗುತ್ತಿತ್ತು.

“ಅತ್ತೆ, ಈ ಮೆಟ್ಟಿಲು ಯಾರೂ ಹತ್ತಲ್ಲ ಅಲ್ವಾ?”

“ನನ್ನ ಹುಟ್ಟಾರಭ್ಯ ಯಾರೂ ಹತ್ತಿಲ್ಲ. ನಾನೊಬ್ಬಳು ಮೂರ್ಖಳು.”

“ಹತ್ತದೆ ಹೇಗೆ ಸವೀತು?”

ಅತ್ತೆಯ ಕೈ ಕಲ್ಲಿನ ಮೇಲೆಯೇ ನಿಂತಿತು.

ವರದಿಗಾರ್ತಿ ಎದ್ದಳು. ಒಂದು ಆಧಾರ ಸಿಕ್ಕಿತ್ತು. ಒಂದು ಸಾಲದು. ಅಷ್ಟು ವರ್ಷ ಈ ಗಲ್ಲಿಯಲ್ಲಿ ಓಡಾಡಿದವಳು ಈಗ ಮೊದಲ ಸಲ ಕೆಳಗಿಳಿದು, ನೆಲದಿಂದಲೇ ಎದ್ದ ಕಂಬಗಳ ಬುಡ ನೋಡುತ್ತ ನಡೆದಳು. ಪ್ರತಿ ಕಂಬಕ್ಕೂ ಸೊಂಟದೆತ್ತರದಲ್ಲಿ ಒಂದೊಂದು ದಪ್ಪ ಕಬ್ಬಿಣದ ಬಳೆಯಿತ್ತು. ಕೊನೆಯ ಬಳೆಗೆ ಚಹಾ ಅಂಗಡಿಯವನು ಟಾರ್ಪಾಲಿನ ಹಗ್ಗ ಕಟ್ಟಿಕೊಂಡಿದ್ದ. ಅದು ಚಹಾ ಅಂಗಡಿಗೆಂದು ಹಾಕಿದ್ದಲ್ಲ ಎನ್ನಲು ಸಂಪಾದಕರು ಬೇಕಿರಲಿಲ್ಲ. ಕುದುರೆ ಕಟ್ಟುವ ಬಳೆ. ಪ್ರತಿ ಬಳೆಯ ಕೆಳಗೂ ಹಗ್ಗ ಉಜ್ಜಿ ಉಜ್ಜಿ ಕಂಬದಲ್ಲಿ ಬೆರಳು ಕೂರುವಷ್ಟು ಗೀರು ಬಿದ್ದಿತ್ತು. ಕಟ್ಟಡದ ಮೂಲೆಗಳಲ್ಲಿ ಗಾಡಿಯ ಚಕ್ರ ಗೋಡೆಗೆ ತಾಗದಿರಲೆಂದು ನೆಟ್ಟ ಗುಂಡುಕಲ್ಲುಗಳಿದ್ದವು. ಒಂದರ ಮೈ ಗೀಚಿಗೀಚಿ ಹೋಗಿತ್ತು, ಇನ್ನೊಂದರ ಮೇಲೆ ಯಾರೋ ಹೆಲ್ಮೆಟ್ ಇಟ್ಟಿದ್ದರು. ಸ್ಟೇಷನ್ ರಸ್ತೆಯ ಕಡೆಗೆ ಓಡಿಹೋಗಿ ನೋಡಿ ಬಂದಳು. ಅಲ್ಲಿ ಬಳೆಯೂ ಇಲ್ಲ, ಗುಂಡುಕಲ್ಲೂ ಇಲ್ಲ.

ಏದುಸಿರು ಬಿಡುತ್ತ ವಾಪಸು ಬಂದಾಗ ಅತ್ತೆಯ ಸುತ್ತ, ಆದರೆ ಮೆಟ್ಟಿಲ ಕೆಳಗೇ, ಸಣ್ಣ ಗುಂಪು ಸೇರಿತ್ತು. ಅಧ್ಯಕ್ಷರೂ ರಿಜಿಸ್ಟ್ರಾರೂ ಸುತ್ತು ಹಾಕಿಕೊಂಡು ಬಂದಿದ್ದರು. ಕಲ್ಲು ಕೆತ್ತುವವನು ಉಳಿ ಹಿಡಿದು ಹಿಂದೆ ನಿಂತಿದ್ದ.

“ಮೇಡಂ, ಯಾವುದು ಕೆತ್ತಲಿ, ಬೇಗ ಹೇಳಿ. ಮಧ್ಯಾಹ್ನ ಬೇರೆ ಕಡೆ ಮಾತು ಕೊಟ್ಟಿದೀನಿ. ಉದ್ದ ಆದ್ರೆ ಅಕ್ಷರ ಸಣ್ಣ ಆಗತ್ತೆ, ಆಮೇಲೆ ನನ್ನನ್ನ ಬೈಬೇಡಿ.”

ವರದಿಗಾರ್ತಿ ಮೆಟ್ಟಿಲನ್ನು ತೋರಿಸಿದಳು, ಬಳೆಗಳನ್ನು ತೋರಿಸಿದಳು, ಗುಂಡುಕಲ್ಲನ್ನು ತೋರಿಸಿದಳು. “ಜನ ವರ್ಷಗಟ್ಟಲೆ ಇಲ್ಲಿಂದಲೇ ಹತ್ತಿದಾರೆ. ಗಾಡಿ, ಕುದುರೆ ಇಲ್ಲಿಗೇ ಬಂದಿವೆ. ರಸ್ತೆ ಈ ಕಡೆ ಇತ್ತು. ಅಧ್ಯಕ್ಷರೇ, ಬನ್ನಿ, ಮುಟ್ಟಿ ನೋಡಿ.”

ಅಧ್ಯಕ್ಷರು ಒಂದು ಹೆಜ್ಜೆ ಮುಂದಿಟ್ಟು ನಿಂತರು. “ಇಲ್ಲಿಂದ ಕಾಣ್ತಿದೆಯಲ್ಲ.”

“ಏನು ಕಾಣ್ತಿದೆ?”

“ಮಳೆಗೆ ಸವೆದಿರೋದು.”

“ಮಳೆ ನಡುವೆ ಮಾತ್ರ ಬೀಳತ್ತಾ? ಪಕ್ಕಕ್ಕೆ ಬೀಳಲ್ವಾ? ಮೇಲಿನ ಮೆಟ್ಟಿಲ ಮೇಲೆ ಚಾವಣಿ ಇದೆ, ಆ ಮೆಟ್ಟಿಲೂ ಸವೆದಿದೆ. ಬಂದು ನೋಡಿ ಸ್ವಾಮಿ!”

“ಹನ್ನೊಂದಕ್ಕೆ ನನ್ನ ಕೇಸು ಕರೀತಾರೆ ಮೇಡಂ. ಮೂರು ವರ್ಷದ ಕೇಸು. ಇವತ್ತೇ ವಾದ.” ಅವರ ದೊಡ್ಡ ದನಿ ಮೊದಲ ಸಲ ಸಣ್ಣದಾಗಿತ್ತು.

ಅತ್ತೆ ಕೂತಲ್ಲಿಂದಲೇ ಕೋಲೆತ್ತಿದರು. “ಬಾಗಿಲು ತಪ್ಪು ಅಂತ ಕಲ್ಲಲ್ಲಿ ಕೆತ್ತಿಸೋಕೆ ಧೈರ್ಯ ಇದೆ, ಅದರ ಮೆಟ್ಟಿಲು ಹತ್ತೋಕೆ ಇಲ್ವಾ? ಕರಿ ಕೋಟು ಹಾಕ್ಕೊಂಡು ಕಲ್ಲಿಗೆ ಹೆದರ್ತೀರಲ್ರೋ!”

ಜೆರಾಕ್ಸ್ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಹಿಂದೆ ತಿರುಗಿ ನೋಡಿದರು, ನಗು ನಿಂತಿತು. ರಿಜಿಸ್ಟ್ರಾರ್ ನಗಲಿಲ್ಲ. ಒಂದು ಕ್ಷಣ ಮೆಟ್ಟಿಲನ್ನೂ ಆಕಾಶವನ್ನೂ ನೋಡಿ, “ನನ್ನ ಹೆಸರಲ್ಲಿ ಯಾವ ಕೇಸೂ ಇಲ್ಲ,” ಎಂದು ತಮಗೆ ತಾವೇ ಹೇಳಿಕೊಂಡು ಏರಿ ಬಂದರು. ಕಂಕುಳಿನ ರಟ್ಟಿನ ಫೈಲು ತೆಗೆದು ಮೆಟ್ಟಿಲ ಮೇಲೆ ಅಡ್ಡಲಾಗಿ, ಅಂಚನ್ನು ಕಲ್ಲಿಗೆ ತಾಗಿಸಿ ಹಿಡಿದರು. ಎರಡು ತುದಿ ಕಲ್ಲಿಗೆ ಕೂತವು. ನಡುವೆ ಬೆಳಕು ಕಂಡಿತು. ಆ ಸಂದಿಯಲ್ಲಿ ಎರಡು ಬೆರಳು ಒಟ್ಟಿಗೆ ತೂರಿಸಿ ನೋಡಿದರು. ಇನ್ನೊಂದು ಮೆಟ್ಟಿಲಿಗೂ ಹಾಗೇ ಮಾಡಿದರು. ಆಮೇಲೆ ಇಳಿದುಹೋಗಿ ಬಳೆಯ ಕೆಳಗಿನ ಗೀರಿನಲ್ಲಿ ಹೆಬ್ಬೆರಳಿಟ್ಟು ಬಂದರು.

“ಸಭೆ ಇಲ್ಲೇ ನಡೀತಿದೆ,” ಎಂದರು ಮೆಟ್ಟಿಲ ಮೇಲೆ ನಿಂತು. “ಮೂವರಲ್ಲಿ ಇಬ್ಬರು ಇದೀವಿ. ಅಧ್ಯಕ್ಷರು ಬರೋದಾದ್ರೆ ಬರಬಹುದು.”

“ಇದು ಅನ್ಯಾಯ ರೀ! ಒಂದು ಕೆಲಸ ಮಾಡೋಣ. ಕೆಲವರ ಪ್ರಕಾರ ಹಾಗೆ, ಇನ್ನು ಕೆಲವರ ಪ್ರಕಾರ ಹೀಗೆ ಅಂತ ಎರಡೂ ಹಾಕೋಣ. ನೋಡೋಕೆ ಬರೋರಿಗೆ ಆ ಕತೆನೇ ಇಷ್ಟ.”

“ಕತೆ ಬಾಯಲ್ಲಿ ಹೇಳಿ, ಯಾರು ಬೇಡ ಅಂದ್ರು?” ಎಂದಳು ವರದಿಗಾರ್ತಿ. “ಕಲ್ಲಿಗೆ ‘ಕೆಲವರ ಪ್ರಕಾರ’ ಅಂತ ಇರಲ್ಲ.”

ಅವಳು ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಕಾಗದವಿಟ್ಟು ಬರೆದಳು. ಅತ್ತೆ ಹೆಗಲ ಮೇಲಿಂದ ಇಣುಕುತ್ತಿದ್ದರು.

“ಮೇಸ್ತ್ರಿ ತಪ್ಪು ಮಾಡಲಿಲ್ಲ ಅಂತ ಬರಿ.”

“ಇಡೀ ಕಟ್ಟಡದಲ್ಲಿ ಒಂದೂ ತಪ್ಪು ಮಾಡಲಿಲ್ಲ ಅಂತ ನನಗೆ ಹೇಗೆ ಗೊತ್ತು? ರಸ್ತೆಗೆ ಮುಖ ಮಾಡಿ ಕಟ್ಟಿದ ಅಂತ ಬರೀತೀನಿ.”

“ಕೆಳಗೆ ಅವನ ಹೆಸರಾದ್ರೂ ಹಾಕು. ನಿನ್ನ ಬಾಯಿಂದ ಒಂದು ಒಳ್ಳೆ ಮಾತು ಬರಲ್ವಲ್ಲೇ!”

“ಬರುತ್ತೆ ಅತ್ತೆ. ಆಧಾರ ಇದ್ರೆ.”

“ಮೇಸ್ತ್ರಿ ಯಾರು ಅಂತನೂ ಆಧಾರ ಇಲ್ಲ, ಹೆಸರು ಹಾಕೋ ಹಾಗಿಲ್ಲ,” ಎಂದು ಅಧ್ಯಕ್ಷರು ಕೆಳಗಿನಿಂದ ಕೂಗಿದರು.

ವರದಿಗಾರ್ತಿಯ ಪೆನ್ನು ನಿಂತಿತು. ಆಕ್ಷೇಪಣೆ ನ್ಯಾಯವಾಗಿತ್ತು, ಅದೇ ಅವಳಿಗೆ ಹೆಚ್ಚು ಕೋಪ ತರಿಸಿತು. ಉತ್ತರ ಕೊಟ್ಟದ್ದು ಅತ್ತೆ.

“ತಪ್ಪಿಗೆ ಮಾತ್ರ ಅವನೇ ಮೇಸ್ತ್ರಿ, ಸರಿಗೆ ಯಾರೋ ಮೇಸ್ತ್ರಿಯಾ? ಅಷ್ಟು ವರ್ಷ ತಿರುಗುಮುರುಗು ಅಂತ ಕರೆದ್ರಲ್ಲ, ಆಗ ಯಾರನ್ನ ಕರೆದ್ರಿ?”

ರಿಜಿಸ್ಟ್ರಾರ್ ಗಡಿಯಾರ ನೋಡಿದರು. “ಊರು ಆತನನ್ನ ಕಟ್ಟಿದೋನು ಅಂತಲೇ ಬೈದಿದೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಹೆಸರು ಇರಲಿ. ಸಹಿ ಎಲ್ಲಿ ಹಾಕಬೇಕು?”

ಕಲ್ಲಿಗೆ ಹೋದ ಸಾಲುಗಳು ಇಷ್ಟು. ಇದು ಈ ನ್ಯಾಯಾಲಯದ ಮುಂಬಾಗಿಲು. ನೂರೈವತ್ತು ವರ್ಷಗಳ ಹಿಂದೆ ಕಟ್ಟಿದಾಗ ಊರಿನ ರಸ್ತೆ ಇದರ ಎದುರಿಗಿತ್ತು. ಮೇಸ್ತ್ರಿ ಅದಕ್ಕೆ ಮುಖ ಮಾಡಿ ಕಟ್ಟಿದರು. ಜನ ಓಡಾಡಿ ಸವೆದ ಮೆಟ್ಟಿಲುಗಳನ್ನು ಕಾಣಬಹುದು. ಅದರ ಕೆಳಗೆ ಮೇಸ್ತ್ರಿಯ ಹೆಸರು, ಅವರ ತಾಯಿ ಇಟ್ಟ ಹೆಸರು. ಊರಿಟ್ಟದ್ದಲ್ಲ.

ಹನ್ನೊಂದಕ್ಕೆ ಅಧ್ಯಕ್ಷರ ಕೇಸು ಕರೆದರು. ಅವರು ಗಲ್ಲಿಯಿಂದ ಇಡೀ ಕಟ್ಟಡ ಸುತ್ತಿ ಚಿಕ್ಕ ಬಾಗಿಲಿನಿಂದ ಓಡಿಬರುವಷ್ಟರಲ್ಲಿ ಎರಡು ಸಲ ಕೂಗಿ, ಕೇಸನ್ನು ಮುಂದಕ್ಕೆ ಹಾಕಿ ಆಗಿತ್ತು. ಮೆಟ್ಟಿಲು ಹತ್ತಿದ್ದರೆ ಆ ಕೊಠಡಿ ಜೋಡಿ ಬಾಗಿಲಿನ ಪಕ್ಕದಲ್ಲೇ ಇತ್ತು.

ಮುಂದಿನ ವಾರ ಅತ್ತೆ ಕಲ್ಲು ನೋಡಬೇಕೆಂದು ಹಟ ಹಿಡಿದರು. ವರದಿಗಾರ್ತಿ ಕರೆದುಕೊಂಡು ಹೋದಳು. ಗಲ್ಲಿಯ ಕಡೆ ಕಂಬಗಳ ನಡುವೆ ಎಲ್ಲೂ ಕಲ್ಲಿರಲಿಲ್ಲ. ಮೆಟ್ಟಿಲ ಪಕ್ಕದಲ್ಲಿ ಇಲ್ಲ, ಜೋಡಿ ಬಾಗಿಲಿನ ಪಕ್ಕದಲ್ಲೂ ಇಲ್ಲ. ಚಹಾ ಅಂಗಡಿಯವನನ್ನು ಕೇಳಿದರೆ, “ಆ ಕಡೆ ಹಾಕಿದಾರೆ,” ಎಂದು ಸ್ಟೇಷನ್ ರಸ್ತೆಯತ್ತ ಕೈ ತೋರಿಸಿದ.

ಕಲ್ಲು ಅಲ್ಲಿತ್ತು. ಚಿಕ್ಕ ಬಾಗಿಲಿನ ಪಕ್ಕದಲ್ಲಿ, ಎದೆಯೆತ್ತರಕ್ಕೆ, ನಾಲ್ಕು ಮೂಲೆಗೂ ಹಿತ್ತಾಳೆಯ ತಿರುಪು ಹಾಕಿ, ಒರೆಸಿ ಹೊಳೆಸಿದ್ದರು. ಇದು ಈ ನ್ಯಾಯಾಲಯದ ಮುಂಬಾಗಿಲು. ಅದನ್ನು ಓದಿದ ಒಂದು ಕುಟುಂಬ ಸವೆದ ಮೆಟ್ಟಿಲು ಎಲ್ಲಿ ಎಂದು ಹುಡುಕುತ್ತಿತ್ತು. ಆ ಬಾಗಿಲಿಗೆ ಮೆಟ್ಟಿಲೇ ಇಲ್ಲ.

ವರದಿಗಾರ್ತಿ ಒಳಗೆ ಹೋಗಿ ರಿಜಿಸ್ಟ್ರಾರರ ಮೇಜಿನ ಮುಂದೆ ನಿಂತಳು. “ಕಲ್ಲು ಯಾಕೆ ಈ ಕಡೆ ಹಾಕಿದ್ರಿ?” ಎಂದಳು.

“ಜನ ಓಡಾಡೋ ಕಡೆ ಇರಲಿ ಅಂತ ಸಂಘದೋರು ಹೇಳಿದ್ರು,” ಎಂದರು ರಿಜಿಸ್ಟ್ರಾರ್. “ಆ ಕಡೆ ಹಾಕಿದ್ರೆ ಯಾರು ಓದ್ತಾರೆ ಅಂದ್ರು. ಸರಿ ಅನ್ನಿಸ್ತು.”

“ಅದರಲ್ಲಿ ಏನು ಬರೆದಿದೆ ಅಂತ ಓದಿದ್ರಾ?”

“ಸಹಿ ಹಾಕುವಾಗ ಓದಿದ್ದೆ.” ಅವರು ಫೈಲಿನಿಂದ ಆ ಕಾಗದ ತೆಗೆದು ಇನ್ನೊಮ್ಮೆ ಓದಿದರು. ನಿಧಾನವಾಗಿ ಅವರ ಕಿವಿ ಕೆಂಪಾಯಿತು.

ಹೊರಗೆ ಅತ್ತೆ ಕಲ್ಲಿನ ಮುಂದೆ ಕೋಲೂರಿ ನಿಂತು ಅಲ್ಲಾಡುತ್ತಿದ್ದರು. ವರದಿಗಾರ್ತಿ ಅಳುತ್ತಿದ್ದಾರೆಂದುಕೊಂಡು ಓಡಿಬಂದಳು. ಅತ್ತೆ ನಗುತ್ತಿದ್ದರು.

“ಇದಕ್ಕಂತೂ ಆಧಾರ ಬೇಕಾಗಿಲ್ಲ ಅಲ್ವೇನೇ?” ಎಂದು ಕಣ್ಣೊರೆಸಿಕೊಂಡರು. “ನಮ್ಮಜ್ಜನ ಹೆಸರು ಸರಿಯಾಗಿ ಕೆತ್ತಿದಾನೆ. ಒತ್ತು ಕೂಡ ಬಿಟ್ಟಿಲ್ಲ. ಮೇಸ್ತ್ರಿ ಸರಿಯಾಗೇ ಕಟ್ಟಿದ, ನೋಡು. ತಿರುಗುಮುರುಗು ಊರಿನದು.”

ಸೋಮವಾರ ಕಲ್ಲನ್ನು ಕಿತ್ತು ಗಲ್ಲಿಯ ಕಡೆಗೆ ಒಯ್ದರು. ಕೀಳುವಾಗ ಬಲಗಡೆಯ ಒಂದು ಮೂಲೆ ಚಕ್ಕೆ ಎದ್ದುಹೋಯಿತು, ಅಕ್ಷರಗಳಿಗೆ ಏನೂ ಆಗಲಿಲ್ಲ. ಮೇಲೆ ಒಯ್ಯಲು ಆಳುಗಳು ಮೆಟ್ಟಿಲಿನ ನಡುವೆಯೇ ಹತ್ತಿದರು. ಅಧ್ಯಕ್ಷರು ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದರು. ಅವರ ಕೇಸು ಅಂದೂ ಮುಂದಕ್ಕೆ ಹೋಯಿತು.